ಕಡ ತಂದ ಹೆಸರು

ಮನುಷ್ಯನು ಬಾಳಿ ಅಳಿದ ಬಳಿಕ ಅವನ ಕೀರ್ತಿಯು ಎರಡು ನೆಲೆಗಳಲ್ಲಿ ಉಳಿಯುತ್ತದೆ: ಒಂದು ದಾಖಲೆಯಲ್ಲಿ, ಇನ್ನೊಂದು ಜನರ ನಾಲಗೆಯ ಮೇಲೆ. ಈ ಎರಡೂ ಒಂದನ್ನೊಂದು ಒಪ್ಪಿದರೆ ಸತ್ತವನನ್ನು ನೆನೆಯುವ ಕೆಲಸ ಸುಲಭ. ಒಪ್ಪದೆ ಹೋದರೆ ನೆನೆಯುವವರು ನ್ಯಾಯಾಧೀಶರೂ ಆಗಬೇಕಾಗುತ್ತದೆ. ೧೯೯೬ರ ಜನವರಿಯಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ರುಡಾಲ್ಫ್ ವಾಂಡೆರೋನ್ ಎಂಬ ವೃದ್ಧನು ತೀರಿಕೊಂಡಾಗ ಅವನ ನಾಡಿನವರು ಇಂತಹದೇ ಇಕ್ಕಟ್ಟಿಗೆ ಸಿಲುಕಿದರು. ಆ ಹೆಸರನ್ನು ಕೇಳಿದ್ದವರು ವಿರಳ. ಆದರೆ 'ಮಿನೆಸೋಟ ಫ್ಯಾಟ್ಸ್' ಎಂದರೆ ಅರಿಯದವರು ಇನ್ನೂ ವಿರಳ. ಪೂಲ್ ಎಂಬ ಆಟದಲ್ಲಿ ಅವನನ್ನು ಮೀರಿಸಿದವರಿಲ್ಲವೆಂದು ಅಸಂಖ್ಯಾತ ಜನರು ನಂಬಿದ್ದರು. ಹೀಗಿದ್ದೂ ಆ ಆಟದ ಯಾವ ಪ್ರಮುಖ ಪಂದ್ಯಾವಳಿಯನ್ನೂ ಅವನು ಒಮ್ಮೆಯಾದರೂ ಗೆದ್ದಿರಲಿಲ್ಲ. ಜನರ ನಂಬಿಕೆಗೂ ದಾಖಲೆಗೂ ಇಷ್ಟೊಂದು ಅಂತರವು ಹೇಗೆ ಬಂದಿತು? ಅದನ್ನು ತಿಳಿಯಬೇಕಾದರೆ ಮೊದಲು ಆ ಆಟವನ್ನೂ ಅದನ್ನು ಸುತ್ತಿಕೊಂಡಿದ್ದ ಒಂದು ವಿಚಿತ್ರವಾದ ವೃತ್ತಿಯನ್ನೂ ಅರಿಯಬೇಕು.

ಪೂಲ್ ಬಿಲಿಯರ್ಡ್ಸ್ ಕುಲಕ್ಕೆ ಸೇರಿದ ಆಟ. ಬಟ್ಟೆ ಹೊದಿಸಿದ, ಅಗಲದ ಎರಡರಷ್ಟು ಉದ್ದವಿರುವ ಒಂದು ಮೇಜು. ಅದರ ನಾಲ್ಕು ಮೂಲೆಗಳಲ್ಲಿಯೂ ಎರಡು ಉದ್ದನೆಯ ಅಂಚುಗಳ ನಡುವೆಯೂ ಸೇರಿ ಆರು ಕುಳಿಗಳು. ಹದಿನೈದು ಬಣ್ಣದ ಚೆಂಡುಗಳು, ಒಂದು ಬಿಳಿಯ ಚೆಂಡು. ಆಟಗಾರನ ಕೈಯಲ್ಲಿ ಕ್ಯೂ ಎಂಬ ನೀಳವಾದ ಕೋಲು. ಕೋಲಿನ ತುದಿಯು ಬಿಳಿಯ ಚೆಂಡನ್ನು ಮಾತ್ರ ಮುಟ್ಟಬೇಕು. ಆ ಬಿಳಿಯ ಚೆಂಡು ಬಣ್ಣದ ಚೆಂಡಿಗೆ ತಾಗಿ ಅದನ್ನು ಕುಳಿಗೆ ಕೆಡವಬೇಕು. ನೋಡುವವರಿಗೆ ಇದು ಮಕ್ಕಳಾಟದಂತೆ ತೋರೀತು. ಆದರೆ ಒಂದು ಚೆಂಡನ್ನು ಕೆಡವುವುದಕ್ಕಿಂತ, ಕೆಡವಿದ ಮೇಲೆ ಬಿಳಿಯ ಚೆಂಡು ಮುಂದಿನ ಹೊಡೆತಕ್ಕೆ ಅನುಕೂಲವಾದ ಸ್ಥಳದಲ್ಲಿ ಬಂದು ನಿಲ್ಲುವಂತೆ ಮಾಡುವುದು ಕಷ್ಟ. ಕೋಲಿನ ತುದಿಯು ಬಿಳಿಯ ಚೆಂಡಿನ ನಡುವಿಗಿಂತ ಮೇಲೆ ತಗುಲಿದರೆ ಅದು ಡಿಕ್ಕಿಯ ಬಳಿಕವೂ ಮುಂದಕ್ಕೆ ಉರುಳುತ್ತದೆ. ಕೆಳಗೆ ತಗುಲಿದರೆ ಹಿಂದಕ್ಕೆ ಸರಿಯುತ್ತದೆ. ಪಕ್ಕಕ್ಕೆ ತಗುಲಿದರೆ ಮೇಜಿನ ಅಂಚಿಗೆ ಬಡಿದು ಬೇರೆ ದಿಕ್ಕಿಗೆ ತಿರುಗುತ್ತದೆ. ಕೈಗೆ ಎಷ್ಟು ಕೆಲಸವೋ ಬುದ್ಧಿಗೂ ಅಷ್ಟೇ ಕೆಲಸ. ಈ ಕುಲದ ಆಟಗಳು ನಮಗೆ ಅಪರಿಚಿತವಲ್ಲ. ಪೂಲಿಗೆ ದಾಯಾದಿಯಾದ ಸ್ನೂಕರ್ ೧೮೭೫ರಲ್ಲಿ ನಮ್ಮ ದೇಶದ ಜಬಲ್ಪುರದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಹುಟ್ಟಿತು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲಿಯೂ ವಿಶ್ವವಿಜೇತರೆಂದು ಹೆಸರಾಗಿದ್ದಾರೆ.

ಅಮೆರಿಕದಲ್ಲಿ ಈ ಆಟಕ್ಕೆ ಪೂಲ್ ಎಂಬ ಹೆಸರು ಬಂದದ್ದೇ ಪಣದಿಂದ. ಹಲವರು ಸೇರಿ ಕೂಡಿಸಿದ ಪಣದ ಹಣಕ್ಕೆ ಅಲ್ಲಿ ಪೂಲ್ ಎನ್ನುತ್ತಿದ್ದರು. ಕುದುರೆ ಜೂಜಿನ ಹಣ ಕಟ್ಟುವ ಕೊಠಡಿಗಳಲ್ಲಿ, ಎರಡು ಓಟಗಳ ನಡುವೆ ಗಿರಾಕಿಗಳಿಗೆ ಬೇಸರವಾಗದಿರಲೆಂದು ಬಿಲಿಯರ್ಡ್ಸ್ ಮೇಜುಗಳನ್ನು ಇರಿಸಿದರು. ಕುದುರೆಗಳ ಮಾತು ಮರೆಯಾಗಿ ಮೇಜಿಗೆ ಆ ಹೆಸರು ಅಂಟಿಕೊಂಡಿತು. ಹೆಸರಿನೊಂದಿಗೆ ಅಪಕೀರ್ತಿಯೂ ಅಂಟಿತು. ಪೂಲಿನ ಕೊಠಡಿಯೆಂದರೆ ಜೂಜು, ಹೊಗೆ, ಸೋಮಾರಿತನಗಳ ನೆಲೆಯೆಂದು ಗೃಹಸ್ಥರು ಮೂಗು ಮುರಿಯುತ್ತಿದ್ದರು. ಅಲ್ಲಿ ಹುಟ್ಟಿ ಬೆಳೆದ ವೃತ್ತಿಯೇ ಹಸ್ಲರನ ವೃತ್ತಿ.

ಹಸ್ಲರನು ಯಾರು? ಮೋಸದ ದಾಳಗಳಿಂದ ಪಗಡೆಯಾಡಿದನೆಂದು ಜನರು ಹೇಳುವ ಶಕುನಿಯ ಕಥೆಯನ್ನು ನೀವು ಕೇಳಿದ್ದೀರಿ. ಹಸ್ಲರನು ಹಾಗಲ್ಲ. ಅವನ ಮೇಜು ಸರಿಯಾದದ್ದೇ, ಚೆಂಡುಗಳೂ ಸರಿಯಾದವೇ; ಮೋಸವಿರುವುದು ಆಟಗಾರನಲ್ಲಿ ಮಾತ್ರ. ಅವನು ಅಪರಿಚಿತನಾಗಿ ಊರಿಗೆ ಬರುತ್ತಾನೆ. ಕೊಠಡಿಯ ಮೂಲೆಯಲ್ಲಿ ಕುಳಿತು ಯಾರ ಕೈ ಹೇಗೆ, ಯಾರ ಕಿಸೆ ಹೇಗೆ ಎಂದು ಬಕಧ್ಯಾನದಿಂದ ನೋಡುತ್ತಾನೆ. ಆಮೇಲೆ ಒಬ್ಬನೊಡನೆ ಅಲ್ಪ ಪಣಕ್ಕೆ ಆಡುತ್ತಾನೆ. ಬೇಕೆಂದೇ ತಡವರಿಸುತ್ತಾನೆ; ಸುಲಭವಾದ ಹೊಡೆತವನ್ನು ಕೂದಲೆಳೆಯಷ್ಟರಲ್ಲಿ ತಪ್ಪಿಸುತ್ತಾನೆ; ಗೆದ್ದಾಗ ಅದೃಷ್ಟವೆಂದು ನಗುತ್ತಾನೆ, ಸೋತಾಗ ರೇಗುತ್ತಾನೆ. ಎದುರಾಳಿಗೆ ಇವನು ಹಣವುಳ್ಳ ಹೆಡ್ಡನೆಂಬ ನಂಬಿಕೆ ಹುಟ್ಟುತ್ತದೆ. ನಂಬಿಕೆಯ ಬೆನ್ನಿಗೆ ಆಸೆ ಹುಟ್ಟುತ್ತದೆ. ಪಣವನ್ನು ಏರಿಸೋಣವೆಂಬ ಮಾತು ಎದುರಾಳಿಯ ಬಾಯಿಂದಲೇ ಬಂದರೆ ಹಸ್ಲರನ ಕೆಲಸ ಮುಗಿದಂತೆ. ಆ ಮೇಲಿನ ಆಟಗಳಲ್ಲಿ ಅವನ ಕೋಲು ತಪ್ಪುವುದಿಲ್ಲ. ಆದರೂ ತುಂಬ ಸುಲಭವಾಗಿ ಗೆಲ್ಲಬಾರದು. ಗುಟ್ಟು ತಿಳಿದರೆ ಹಣವೂ ಹೋದೀತು, ಮೈಯೂ ನುಗ್ಗಾದೀತು. ಬೆಳಗಾಗುವಷ್ಟರಲ್ಲಿ ಅವನು ಬೇರೊಂದು ಊರಿನ ದಾರಿಯಲ್ಲಿರುತ್ತಾನೆ.

ಈ ವೃತ್ತಿಯ ಒಂದು ವೈಚಿತ್ರ್ಯವನ್ನು ನಾವು ಗಮನಿಸಬೇಕು. ಗಾಯಕನು ತನ್ನ ಕಂಠವನ್ನು ಸಭೆಗೆ ಕೇಳಿಸುತ್ತಾನೆ. ಶಿಲ್ಪಿಯು ತನ್ನ ಕೈಚಳಕವನ್ನು ಕಲ್ಲಿನಲ್ಲಿ ಬಿಟ್ಟು ಹೋಗುತ್ತಾನೆ. ಹಸ್ಲರನು ಮಾತ್ರ ತನ್ನ ವಿದ್ಯೆಯನ್ನು ಬಚ್ಚಿಟ್ಟೇ ಬದುಕಬೇಕು. ಕೀರ್ತಿ ಬಂದ ದಿನವೇ ಅವನ ಅನ್ನಕ್ಕೆ ಕಲ್ಲು ಬೀಳುತ್ತದೆ. ಆದ್ದರಿಂದ ಅವನು ಎಷ್ಟು ಸಮರ್ಥನಾಗಿದ್ದನೆಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ.

ರುಡಾಲ್ಫ್ ವಾಂಡೆರೋನ್ ಇಂತಹ ಲೋಕದಲ್ಲಿ ಬೆಳೆದವನು. ಅವನು ೧೯೧೩ರ ಜನವರಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ಅವನ ತಂದೆತಾಯಿಗಳು ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದವರು. ಶಾಲೆಯನ್ನು ಎಳೆಯ ವಯಸ್ಸಿನಲ್ಲಿಯೇ ಬಿಟ್ಟು ಅವನು ಕೋಲು ಹಿಡಿದನು. ಆ ಕೋಲೇ ಅವನಿಗೆ ನೇಗಿಲು, ಊರೂರಿನ ಪೂಲ್ ಕೊಠಡಿಗಳೇ ಅವನ ಹೊಲ. ದಢೂತಿ ದೇಹದವನಾದುದರಿಂದ 'ಫ್ಯಾಟ್ಸ್' ಎಂದು ಗೆಳೆಯರು ಕರೆದರು. ಅವನು ಹೋದ ಊರುಗಳ ಹೆಸರುಗಳನ್ನು ಆ ಪದಕ್ಕೆ ಜೋಡಿಸಿದರು. ಹೆಚ್ಚಾಗಿ ನಿಂತ ಹೆಸರು ನ್ಯೂಯಾರ್ಕ್ ಫ್ಯಾಟ್ಸ್.

೧೯೪೧ರಲ್ಲಿ ಅವನು ಇಲಿನಾಯ್ ರಾಜ್ಯದ ದಕ್ಷಿಣ ಭಾಗಕ್ಕೆ ಬಂದನು. ಅದು ಕಲ್ಲಿದ್ದಲ ಗಣಿಗಳ ನಾಡು. ಗಣಿಗಾರರ ಕೈಯಲ್ಲಿ ಹಣವೂ ಕೊಠಡಿಗಳಲ್ಲಿ ಜೂಜೂ ಧಾರಾಳವಾಗಿದ್ದ ಕಾಲ. ಅಲ್ಲಿ ಮದುವೆಯಾಗಿ ಡೌವೆಲ್ ಎಂಬ ಸಣ್ಣ ಊರನ್ನು ಮನೆಯಾಗಿಸಿಕೊಂಡನು. ಎರಡನೆಯ ಮಹಾಯುದ್ಧದ ಸಮಯದಲ್ಲಿ ನೌಕಾನೆಲೆಯಿಂದಾಗಿ ಹಣವೂ ಜನವೂ ಕಿಕ್ಕಿರಿದಿದ್ದ ನಾರ್ಫೋಕ್ ಬಂದರಿಗೆ ಹೋಗಿ, ಲೂಥರ್ ಲ್ಯಾಸಿಟರ್‌ನಂತಹ ನಿಪುಣರ ಜೊತೆಯಲ್ಲಿ ಆಡಿ ಬಹಳ ಹಣ ಗಳಿಸಿದನು. ಡೌವೆಲಿನಲ್ಲಿ ಅವನ ಇನ್ನೊಂದು ಮುಖವನ್ನು ಕಂಡವರೂ ಇದ್ದರು. ಬೀದಿಯಲ್ಲಿ ಅಲೆಯುವ ನಾಯಿ, ಬೆಕ್ಕುಗಳನ್ನು ಕಂಡರೆ ಅವನಿಗೆ ಸುಮ್ಮನೆ ಹೋಗಲಾಗುತ್ತಿರಲಿಲ್ಲ. ದಿಕ್ಕಿಲ್ಲದ ಎಷ್ಟೋ ಪ್ರಾಣಿಗಳು ಅವನ ಮನೆಯಲ್ಲಿ ಅನ್ನ ಕಂಡವು. ಮನುಷ್ಯರ ಕಿಸೆಯನ್ನು ಕರುಣೆಯಿಲ್ಲದೆ ಬರಿದು ಮಾಡುತ್ತಿದ್ದ ಕೈಗಳೇ ಮೂಕಪ್ರಾಣಿಗಳಿಗೆ ಉಣಿಸುತ್ತಿದ್ದವು. ಮನುಷ್ಯಸ್ವಭಾವವು ಒಂದೇ ಬಣ್ಣದ ಬಟ್ಟೆಯಲ್ಲ.

೧೯೫೦ರ ದಶಕ ಮುಗಿಯುವ ಹೊತ್ತಿಗೆ ಪೂಲ್ ಆಟದ ವೈಭವವು ಕುಗ್ಗಿತ್ತು. ಕೊಠಡಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ವಾಂಡೆರೋನ್ ನಡುವಯಸ್ಸು ದಾಟಿ ಹಳ್ಳಿಯಲ್ಲಿ ಕುಳಿತಿದ್ದನು. ಆಗ ಅವನ ಭಾಗ್ಯದ ಬಾಗಿಲನ್ನು ತೆರೆದದ್ದು ಒಂದು ಕಾದಂಬರಿ. ವಾಲ್ಟರ್ ಟೆವಿಸ್ ಎಂಬ ಲೇಖಕನು ೧೯೫೯ರಲ್ಲಿ 'ದ ಹಸ್ಲರ್' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಎಡ್ಡಿ ಎಂಬ ಯುವಕನು ಮಿನೆಸೋಟ ಫ್ಯಾಟ್ಸ್ ಎಂಬ ಅಜೇಯ ಆಟಗಾರನನ್ನು ಎದುರಿಸಿ ಮೊದಲು ಸೋತು, ಬಾಳಿನಲ್ಲಿ ಬಹಳವಾಗಿ ನೊಂದು, ಕೊನೆಗೆ ಗೆಲ್ಲುವುದು ಅದರ ಕಥೆ. ೧೯೬೧ರಲ್ಲಿ ಅದು ಚಲನಚಿತ್ರವಾಯಿತು. ಪಾಲ್ ನ್ಯೂಮನ್ ಎಡ್ಡಿಯಾಗಿಯೂ ಜ್ಯಾಕಿ ಗ್ಲೀಸನ್ ಫ್ಯಾಟ್ಸ್ ಆಗಿಯೂ ಅಭಿನಯಿಸಿದರು. ಚಿತ್ರವು ದೇಶವನ್ನೆಲ್ಲ ಸೆಳೆಯಿತು. ಮುಚ್ಚಿದ್ದ ಕೊಠಡಿಗಳು ತೆರೆದುವು. ಮೂಲೆಗೆ ಬಿದ್ದಿದ್ದ ಕೋಲುಗಳು ಕೈಗೆ ಬಂದುವು.

ಆಗ ವಾಂಡೆರೋನ್, ಆ ಪಾತ್ರಕ್ಕೆ ಮೂಲ ತಾನೇ ಎಂದು ಸಾರಿದನು. ನ್ಯೂಯಾರ್ಕ್ ಫ್ಯಾಟ್ಸ್ ಒಂದು ದಿನದಲ್ಲಿ ಮಿನೆಸೋಟ ಫ್ಯಾಟ್ಸ್ ಆದನು. ಆ ಪಾತ್ರವು ತನ್ನ ಕಲ್ಪನೆಯ ಕೂಸು, ಯಾವ ಜೀವಂತ ವ್ಯಕ್ತಿಯನ್ನೂ ನೋಡಿ ಬರೆದದ್ದಲ್ಲ ಎಂದು ಟೆವಿಸ್ ೧೯೮೪ರಲ್ಲಿ ತಾನು ಸಾಯುವವರೆಗೂ ಹೇಳುತ್ತಲೇ ಇದ್ದನು. ಕೇಳಿದವರು ಯಾರು? ತೆರೆಯ ಮೇಲಿನ ಫ್ಯಾಟ್ಸ್ ಮಿತಭಾಷಿ, ಗಂಭೀರ. ಈ ಫ್ಯಾಟ್ಸ್ ಬಾಯಿ ತೆರೆದರೆ ಮುಚ್ಚುವವನಲ್ಲ. ದೇಹದ ಗಾತ್ರವೊಂದನ್ನು ಬಿಟ್ಟರೆ ಹೋಲಿಕೆಯೇ ಇರಲಿಲ್ಲ. ಆದರೂ ಜನರಿಗೆ ಕಥೆಯ ನಾಯಕನನ್ನು ಕಣ್ಣಾರೆ ಕಾಣುವ ಹಂಬಲವಿತ್ತು. ಇವನು ಆ ಹಂಬಲಕ್ಕೆ ಒಂದು ದೇಹವನ್ನು ಕೊಟ್ಟನು. ಅವನ ಹಳೆಯ ವೃತ್ತಿ ಅಲ್ಲಿಗೆ ಮುಗಿಯಿತು, ಏಕೆಂದರೆ ದೇಶವೇ ಗುರುತಿಸುವ ಮುಖದವನು ಯಾವ ಊರಿನಲ್ಲಿ ಹೆಡ್ಡನಂತೆ ನಟಿಸಿಯಾನು? ವಿದ್ಯೆಯನ್ನು ಬಚ್ಚಿಟ್ಟು ಬದುಕಿದವನು ಅಂದಿನಿಂದ ಇಲ್ಲದ ವಿದ್ಯೆಯನ್ನೂ ಹೊಗಳಿಕೊಂಡು ಬದುಕತೊಡಗಿದನು. ದೂರದರ್ಶನದ ಕಾರ್ಯಕ್ರಮಗಳು ಬಂದುವು. ಮೇಜುಗಳನ್ನು ತಯಾರಿಸುವ ಸಂಸ್ಥೆಯೊಂದು ಅವನನ್ನು ಉಪಾಧ್ಯಕ್ಷನನ್ನಾಗಿ ಮಾಡಿಕೊಂಡಿತು. ೧೯೬೬ರಲ್ಲಿ ಅವನ ಆತ್ಮಕಥೆಯೂ ಹೊರಬಂದಿತು. ಆಡುತ್ತ ಆಡುತ್ತ ಅವನು ಕಟ್ಟುತ್ತಿದ್ದ ಕಥೆಗಳನ್ನು ಕೇಳಿ ಜನರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು.

ಇದನ್ನು ಕಂಡು ನಗದವನು ಒಬ್ಬನಿದ್ದನು. ಅವನೇ ವಿಲ್ಲಿ ಮಾಸ್ಕೋನಿ. ೧೯೧೩ರಲ್ಲಿಯೇ ಫಿಲಡೆಲ್ಫಿಯ ನಗರದಲ್ಲಿ ಹುಟ್ಟಿದ ಅವನ ತಂದೆ ಪೂಲ್ ಕೊಠಡಿಯೊಂದರ ಒಡೆಯ. ಮಗನು ಈ ಆಟಕ್ಕೆ ಇಳಿಯಬಾರದೆಂದು ತಂದೆ ಚೆಂಡುಗಳನ್ನು ಬೀಗ ಹಾಕಿಟ್ಟರೆ, ಬಾಲಕನು ಆಲೂಗೆಡ್ಡೆಗಳನ್ನು ಚೆಂಡಾಗಿಸಿ, ಪೊರಕೆಯ ಕೋಲನ್ನು ಕ್ಯೂ ಆಗಿಸಿ ಅಭ್ಯಾಸ ಮಾಡಿದನಂತೆ. ೧೯೪೧ರಿಂದ ೧೯೫೭ರವರೆಗಿನ ಅವಧಿಯಲ್ಲಿ ಅವನು ಹದಿನೈದು ಸಲ ವಿಶ್ವವಿಜೇತನಾದನು. ೧೯೫೪ರ ಮಾರ್ಚ್ ತಿಂಗಳಲ್ಲಿ ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಒಂದು ಬಾರಿಯೂ ತಪ್ಪದೆ ಒಂದರ ಹಿಂದೊಂದು ೫೨೬ ಚೆಂಡುಗಳನ್ನು ಕುಳಿಗೆ ಕೆಡವಿದನು. ಕಣ್ಣಾರೆ ಕಂಡ ಪ್ರೇಕ್ಷಕರು ಅದಕ್ಕೆ ಪ್ರಮಾಣಪತ್ರ ಬರೆದು ಸಹಿ ಹಾಕಿದರು. ಆ ದಾಖಲೆಯನ್ನು ೨೦೧೯ರವರೆಗೆ ಯಾರೂ ಮುರಿಯಲಿಲ್ಲ. 'ದ ಹಸ್ಲರ್' ಚಿತ್ರಕ್ಕೆ ಆಟದ ಸಲಹೆಗಾರನಾಗಿದ್ದವನೂ ಅವನೇ. ಪೂಲ್ ಜೂಜುಕೋರರ ಆಟವಲ್ಲ, ಸಭ್ಯರ ಆಟವೆಂದು ತೋರಿಸುವುದಕ್ಕಾಗಿ ಅಚ್ಚುಕಟ್ಟಾದ ಉಡುಪನ್ನು ತೊಟ್ಟು ಆಡುತ್ತಿದ್ದನು. ತಾನು ಬಾಳೆಲ್ಲ ತೊಳೆಯಲು ಯತ್ನಿಸಿದ ಕಳಂಕವನ್ನೇ ಇನ್ನೊಬ್ಬನು ಪದಕದಂತೆ ಧರಿಸಿ ಮೆರೆಯುವುದನ್ನು ಅವನು ಹೇಗೆ ಸಹಿಸಿಯಾನು?

೧೯೭೮ರ ಫೆಬ್ರವರಿ ೧೪ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಈ ಪಂದ್ಯವನ್ನು ದೂರದರ್ಶನವು ದೇಶಕ್ಕೆಲ್ಲ ತೋರಿಸಿತು. ಇಬ್ಬರ ವಯಸ್ಸೂ ಅರವತ್ತೈದರ ಆಸುಪಾಸು. ಮಾಸ್ಕೋನಿ ತುಟಿ ಬಿಗಿದು ಆಡಿದನು. ಫ್ಯಾಟ್ಸ್ ಮಾತನ್ನು ನಿಲ್ಲಿಸಲಿಲ್ಲ. ಮೇಜು ಮಾತಿಗೆ ಕಿವಿಗೊಡಲಿಲ್ಲ. ಮಾಸ್ಕೋನಿ ನಿಸ್ಸಂದೇಹವಾಗಿ ಗೆದ್ದನು. ಆದರೆ ಆಟ ಮುಗಿದ ಮೇಲೆಯೂ ಜನರು ಪ್ರೀತಿಯಿಂದ ಕೂಗಿದ ಹೆಸರು ಯಾವುದೆಂದರೆ ಸೋತವನದೇ. ಗೆದ್ದವನು ಗೌರವವನ್ನು ಪಡೆದನು. ಸೋತವನು ಜನರ ಮನಸ್ಸನ್ನು ಪಡೆದನು.

ಕೊನೆಯ ವರ್ಷಗಳಲ್ಲಿ ವಾಂಡೆರೋನ್ ಡೌವೆಲನ್ನು ಬಿಟ್ಟು ನ್ಯಾಶ್‌ವಿಲ್ ನಗರದ ಹರ್ಮಿಟೇಜ್ ಹೋಟೆಲಿನಲ್ಲಿ ನೆಲೆಸಿದನು. ಅಲ್ಲಿ ಅವನಿಗಾಗಿ ಒಂದು ಪೂಲ್ ಮೇಜನ್ನು ಇರಿಸಲಾಗಿತ್ತು. ನೋಡಬಂದವರಿಗೆ ತನ್ನ ಹೆಸರಿನ ರಬ್ಬರ್ ಮೊಹರನ್ನು ಒತ್ತಿಕೊಟ್ಟು ಹಳೆಯ ಕಥೆಗಳನ್ನು ಹೇಳುತ್ತಿದ್ದನು. ಎಂಬತ್ಮೂರು ತುಂಬಲು ಕೆಲವೇ ದಿನಗಳಿದ್ದಾಗ ಮರಣಹೊಂದಿದನು. ಹುಟ್ಟಿದ ವರ್ಷವನ್ನು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಹೇಳಿದ್ದುದರಿಂದ ಅವನ ವಯಸ್ಸನ್ನು ಬರೆಯಲು ಪತ್ರಿಕೆಗಳೂ ತಡವರಿಸಿದುವು. ಭೂಮಿಯ ಮೇಲಿನ ಸಕಲ ಜೀವಿಗಳನ್ನೂ ಸೋಲಿಸಿ ಬಂದಿರುವುದಾಗಿಯೂ ಸ್ವರ್ಗದ ದ್ವಾರಪಾಲಕನು ಚೆಂಡುಗಳನ್ನು ಜೋಡಿಸಿಡಬೇಕೆಂದೂ ಅವನ ಸಮಾಧಿಯ ಕಲ್ಲು ಸಾರುತ್ತದೆ. ಬದುಕಿದ್ದಾಗ ಆಡಿದ ಬಡಾಯಿಯನ್ನು ಸತ್ತ ಮೇಲೆಯೂ ಅವನು ನಿಲ್ಲಿಸಲಿಲ್ಲ!

ಅದೇ ೧೯೯೬ರಲ್ಲಿ ಮರಣಹೊಂದಿದ ಇನ್ನೊಬ್ಬ ಆಟಗಾರನನ್ನೂ ಇಲ್ಲಿ ನೆನೆಯುವುದು ಉಚಿತ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ೧೯೩೫ರಲ್ಲಿ ಹುಟ್ಟಿದ ಸಿಸೆರೋ ಮರ್ಫಿ ಕರಿಯ ಜನಾಂಗದವನು. ಅವನ ಬಣ್ಣದ ಕಾರಣದಿಂದ ದೊಡ್ಡ ಪಂದ್ಯಾವಳಿಗಳ ಬಾಗಿಲು ಅವನಿಗೆ ವರ್ಷಗಟ್ಟಲೆ ಮುಚ್ಚಿತ್ತು. ೧೯೬೫ರಲ್ಲಿ ಕ್ಯಾಲಿಫೋರ್ನಿಯದ ಬರ್ಬ್ಯಾಂಕಿನಲ್ಲಿ ಮೊದಲ ಬಾರಿಗೆ ವಿಶ್ವಮಟ್ಟದ ಪಂದ್ಯಾವಳಿಗೆ ಪ್ರವೇಶ ದೊರೆಯಿತು. ಆ ಮೊದಲ ಬಾರಿಯೇ ಅವನು ಗೆದ್ದನು. ವಾಂಡೆರೋನ್ ತನ್ನ ಸಾಮರ್ಥ್ಯವನ್ನು ಲಾಭಕ್ಕಾಗಿ ತಾನೇ ಬಚ್ಚಿಟ್ಟನು. ಮರ್ಫಿಯ ಸಾಮರ್ಥ್ಯವನ್ನು ಸಮಾಜವು ಬಚ್ಚಿಟ್ಟಿತು. ದಾಖಲೆಯ ಪುಸ್ತಕವೂ ಕೆಲವೊಮ್ಮೆ ಅನ್ಯಾಯದ ಕೈಯಿಂದ ಬರೆದದ್ದಾಗಿರುತ್ತದೆ ಎಂಬುದನ್ನು ಅವನ ಬಾಳು ನೆನಪಿಸುತ್ತದೆ.

ಹಾಗಾದರೆ ಮಿನೆಸೋಟ ಫ್ಯಾಟ್ಸ್‌ನನ್ನು ನಾವು ಹೇಗೆ ನೆನೆಯಬೇಕು? ಆಸೆಬುರುಕರನ್ನು ಮಾತ್ರ ವಂಚಿಸಿದೆವೆಂದು ಹಸ್ಲರರು ಹೇಳಿಕೊಳ್ಳುವುದುಂಟು. ಆದರೆ ಅಂತಹ ಮೇಜಿನ ಮೇಲೆ ಬಿದ್ದ ನೋಟುಗಳಲ್ಲಿ ಗಣಿಯ ಕತ್ತಲೆಯಲ್ಲಿ ದುಡಿದವನ ವಾರದ ಕೂಲಿಯೂ ಇರುತ್ತಿತ್ತು. ಅದಕ್ಕಾಗಿ ಮನೆಯಲ್ಲಿ ಕಾದಿರುವವರು ಪಣ ಒಡ್ಡಿದವರಲ್ಲ. ಇನ್ನೊಬ್ಬನ ಆಸೆ ನಮ್ಮ ವಂಚನೆಯನ್ನು ತೊಳೆಯಲಾರದು. ಇದನ್ನು ಮರೆಮಾಡಿ ಹೊಗಳಿದರೆ ಅದು ಸ್ಮರಣೆಯಲ್ಲ, ಇನ್ನೊಂದು ಹಸ್ಲರ್ ಆಟ. ಹಾಗೆಯೇ, ಸಾಯುವ ಸ್ಥಿತಿಯಲ್ಲಿದ್ದ ಆಟವೊಂದನ್ನು ಸಾಮಾನ್ಯರ ಮನೆಬಾಗಿಲಿಗೆ ತಂದು ನಗಿಸಿ ಬೆಳೆಸಿದವರಲ್ಲಿ ಅವನೂ ಒಬ್ಬನೆಂಬುದನ್ನು ಮರೆಮಾಡಿದರೆ ಅದೂ ನ್ಯಾಯವಲ್ಲ. ಅಮೆರಿಕದ ಬಿಲಿಯರ್ಡ್ ಕಾಂಗ್ರೆಸ್ ೧೯೮೪ರಲ್ಲಿ ಅವನ ಹೆಸರನ್ನು ತನ್ನ ಕೀರ್ತಿಭವನದಲ್ಲಿ ಸೇರಿಸಿತು. ಅದೂ ಮಹಾನ್ ಆಟಗಾರನೆಂದಲ್ಲ, ಆಟಕ್ಕೆ ಸಲ್ಲಿಸಿದ ವಿಶೇಷ ಸೇವೆಗಾಗಿ. ಇದಕ್ಕಿಂತ ಸಮತೂಕದ ತೀರ್ಪು ಬೇರೆ ಇರಲಾರದು.

ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂದು ಹಿರಿಯರು ಹೇಳುತ್ತಾರೆ. ನಿಜವನ್ನು ಆಡುವುದೂ ಒಳ್ಳೆಯದನ್ನು ಆಡುವುದರಲ್ಲಿ ಸೇರಿದೆ. ಕಡ ತಂದ ಹೆಸರಿನಿಂದ ಜಗತ್ತನ್ನು ಮೆಚ್ಚಿಸಬಹುದು. ಆದರೆ ಹೆಸರನ್ನು ಕಡ ತಂದವನು ತನ್ನ ಸ್ವಂತದ ಹೆಸರನ್ನು ಒತ್ತೆಯಿಡಬೇಕಾಗುತ್ತದೆ. ರುಡಾಲ್ಫ್ ವಾಂಡೆರೋನ್ ನಿಜವಾಗಿ ಎಷ್ಟು ದೊಡ್ಡ ಆಟಗಾರನಾಗಿದ್ದನೆಂಬುದು ಇಂದು ಯಾರಿಗೂ ನಿಶ್ಚಯವಾಗಿ ತಿಳಿಯದು. ಅವನು ತೆತ್ತ ಬೆಲೆ ಅದು.

ಅಭ್ಯಾಸ

ಅ) ಪದಗಳ ಅರ್ಥ
ಕಡ – ಸಾಲ, ಎರವಲು
ಪಣ – ಜೂಜಿನಲ್ಲಿ ಒಡ್ಡುವ ಹಣ
ಬಕಧ್ಯಾನ – ಕೊಕ್ಕರೆಯಂತೆ ಹೊಂಚುಹಾಕುತ್ತ ಮಾಡುವ ಕಪಟಧ್ಯಾನ
ದಾಯಾದಿ – ಒಂದೇ ವಂಶಕ್ಕೆ ಸೇರಿದ ಜ್ಞಾತಿ
ಮಿತಭಾಷಿ – ಕಡಮೆ ಮಾತನಾಡುವವನು
ಒತ್ತೆ – ಅಡವು

ಆ) ಒಂದು ವಾಕ್ಯದಲ್ಲಿ ಉತ್ತರಿಸಿರಿ
೧. ಪೂಲ್ ಎಂಬ ಹೆಸರು ಆಟಕ್ಕೆ ಹೇಗೆ ಬಂದಿತು?
೨. 'ದ ಹಸ್ಲರ್' ಕಾದಂಬರಿಯನ್ನು ಬರೆದವರು ಯಾರು?
೩. ಮಾಸ್ಕೋನಿಯು ೧೯೫೪ರಲ್ಲಿ ಮಾಡಿದ ಸಾಧನೆ ಯಾವುದು?
೪. ವಾಂಡೆರೋನ್‌ನ ಹೆಸರನ್ನು ಕೀರ್ತಿಭವನದಲ್ಲಿ ಸೇರಿಸಿದ್ದು ಯಾವ ಕಾರಣಕ್ಕಾಗಿ?

ಇ) ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ
೧. ಹಸ್ಲರನು ಎದುರಾಳಿಯನ್ನು ವಂಚಿಸುವ ಬಗೆಯನ್ನು ವಿವರಿಸಿರಿ.
೨. ಚಲನಚಿತ್ರವು ವಾಂಡೆರೋನ್‌ನ ಬಾಳನ್ನು ಹೇಗೆ ಬದಲಿಸಿತು?
೩. ವಾಂಡೆರೋನ್ ಮತ್ತು ಮರ್ಫಿ ಇವರ ಬಾಳುಗಳಲ್ಲಿ ಲೇಖಕರು ಕಾಣುವ ವ್ಯತ್ಯಾಸವೇನು?

ಈ) ಸಂದರ್ಭ ಸೂಚಿಸಿ ವಿವರಿಸಿರಿ
೧. "ಮೋಸವಿರುವುದು ಆಟಗಾರನಲ್ಲಿ ಮಾತ್ರ."
೨. "ಮೇಜು ಮಾತಿಗೆ ಕಿವಿಗೊಡಲಿಲ್ಲ."
೩. "ಇನ್ನೊಬ್ಬನ ಆಸೆ ನಮ್ಮ ವಂಚನೆಯನ್ನು ತೊಳೆಯಲಾರದು."

ಉ) ಭಾಷಾಭ್ಯಾಸ
೧. ಈ ನುಡಿಗಟ್ಟುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಮೂಗು ಮುರಿ, ಅನ್ನಕ್ಕೆ ಕಲ್ಲು ಬೀಳು, ಕಿವಿಗೊಡು.
೨. ವಿಗ್ರಹಿಸಿ ಸಮಾಸವನ್ನು ಹೆಸರಿಸಿರಿ: ಕೀರ್ತಿಭವನ, ಮೂಕಪ್ರಾಣಿ, ತಂದೆತಾಯಿಗಳು.